ಭತ್ತದ ಹೊಟ್ಟಿನಲ್ಲಿ ಬ್ಯಾಟರಿ

ಗಂಗಾವತಿಯಲ್ಲಿ ನಾಹೀದಾಳನ್ನು ಬಲ್ಲವರು ಅವಳ ಬಗ್ಗೆ ಹೇಳುವುದು ಎರಡೇ ಮಾತು. ಹುಡುಗಿ ಭಾರಿ ಶಾಣ್ಯಾ, ಮತ್ತು ತಾನು ಶಾಣ್ಯಾ ಅನ್ನುವುದು ಅವಳಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಎರಡನೆಯ ಮಾತು ಹೇಳುವಾಗ ಮೂಗು ಮುರಿಯುತ್ತಾರೆ. ಮುರಿಯಲಿ. ತಲೆ ಓಡಿಸುವುದಕ್ಕಿಂತ ಮೂಗು ಮುರಿಯುವುದು ಸಲೀಸು, ಮತ್ತು ಈ ಊರಿನ ಜನ ಸಲೀಸಾದದ್ದನ್ನು ಬಿಟ್ಟು ಬೇರೆಯದಕ್ಕೆ ಕೈ ಹಾಕಿದ್ದು ಕಡಿಮೆ.

ಅವಳು ಹುಟ್ಟಿದ್ದು ತೊಂಬತ್ತೇಳರಲ್ಲಿ. ಆಗ ಅವಳ ಅಪ್ಪ ಶಬ್ಬೀರಸಾಬ ಕೊಪ್ಪಳ ರಸ್ತೆಯ ಐಸ್ ಕಾರ್ಖಾನೆಯಲ್ಲಿ ಆಳು. ಎಡಕ್ಕೊಂದು ಬಲಕ್ಕೊಂದು ರೈಸ್ ಮಿಲ್ಲು, ನಡುವೆ ಆ ಕಾರ್ಖಾನೆ. ತಗಡಿನ ಡಬ್ಬಿಯಿಂದ ಐಸಿನ ಗಡ್ಡೆ ತೆಗೆಯುವುದು, ಕೊಕ್ಕೆ ಹಾಕಿ ಎಳೆಯುವುದು, ಮಿಲ್ಲಿನಿಂದ ಬಂದ ಭತ್ತದ ಹೊಟ್ಟಿನ ಗುಂಡಿಯಲ್ಲಿ ಹೂಳುವುದು, ಗಿರಾಕಿ ಬಂದಾಗ ಅಗೆದು ಕೊಡುವುದು, ಇದು ಅವನ ಕೆಲಸ. ಮದುವೆಗೆ, ಮೀನಿಗೆ, ಸೋಡಾ ಅಂಗಡಿಗೆ, ದೂರದ ಮಕ್ಕಳು ಬರುವ ತನಕ ಕಾಯಬೇಕಾದ ಹೆಣಕ್ಕೆ, ಎಲ್ಲಕ್ಕೂ ಅವನದೇ ಐಸು. ಒಮ್ಮೆ ಸುಡುಸುಡು ಬೇಸಿಗೆಯಲ್ಲಿ ಕುಷ್ಟಗಿಯ ಮದುವೆಯೊಂದಕ್ಕೆ ಒಯ್ದ ಐಸಿನ ಗಡ್ಡೆ ಮೂಲೆ ಕೂಡ ಕರಗದೆ ಮುಟ್ಟಿತಂತೆ. ಆ ಕಥೆಯನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ, ಕಡೆಕಡೆಗೆ ಹೆಂಡತಿ ಸೈದಾನಬಿ ಅವನು ಕೆಮ್ಮಿ ಗಂಟಲು ಸರಿಮಾಡಿಕೊಂಡ ಕೂಡಲೇ ಎದ್ದು ಒಲೆಯ ಹತ್ತಿರ ಹೋಗುತ್ತಿದ್ದಳು.

ಸಾಲೆಯಲ್ಲಿ ನಾಹೀದಾ ಐಸ್‌ಸಾಬನ ಮಗಳು. ಅಪ್ಪನ ಅಂಗಿ ಕೊಡವಿದರೆ ಹೊಟ್ಟು, ಹಾಸಿಗೆಯಲ್ಲಿ ಹೊಟ್ಟು, ಅವಳ ಜಡೆಯಲ್ಲೂ ಹೊಟ್ಟು. ಹಿಂದಿನ ಬೆಂಚಿನ ಹುಡುಗಿಯರು ಅದನ್ನು ಹೆಕ್ಕಿ ಹೆಕ್ಕಿ ಅವಳ ಪುಸ್ತಕದ ಮೇಲೆ ಇಡುತ್ತಿದ್ದರು. ಆ ಹುಡುಗಿಯರನ್ನು ಅವಳು ತಿರಸ್ಕರಿಸಿದಳು, ಅದು ಸರಿಯೇ. ಅವರ ಜೊತೆಗೇ ಅಪ್ಪನನ್ನೂ ತಿರಸ್ಕರಿಸಿದಳು. ಒಬ್ಬ ಮನುಷ್ಯ ಇಡೀ ಜನ್ಮ ಕಲಿತದ್ದು ಐಸು ಹೂಳುವುದನ್ನು ಮಾತ್ರ, ಅದರ ಮೇಲೆ ಅದಕ್ಕೆ ಹೆಮ್ಮೆ ಬೇರೆ ಪಡುತ್ತಾನೆ ಎನ್ನುವುದು ಅವಳಿಗೆ ಸಹಿಸಲಾಗುತ್ತಿರಲಿಲ್ಲ.

ಮನೆಮನೆಗೆ ಫ್ರಿಜ್ಜು ಬಂದ ಮೇಲೆ ಕಾರ್ಖಾನೆ ಮುಚ್ಚಿತು. ಹಳೆಯ ಸಾವಕಾರ ತೀರಿಕೊಂಡು ಮಗ ಗೋವಿಂದರಾಜ ಗಾದಿಗೆ ಬಂದ. ಈ ಗೋವಿಂದರಾಜನ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ನೀರಿನ ಬಾಟಲಿ ಮಾರಿ ಸೋತ, ಟೈಲ್ಸ್ ಮಾರಿ ಸೋತ, ಪ್ರತಿ ಸಲ ಸೋತಾಗಲೂ ಮೊದಲಿಗಿಂತ ದೊಡ್ಡ ಫ್ಲೆಕ್ಸು ಹಾಕಿಸಿದ. ಕಡೆಗೆ ಯಾವುದೋ ಊರಿನ ಪ್ರದರ್ಶನಕ್ಕೆ ಹೋಗಿ ಕರೆಂಟಿನ ಆಟೋ ನೋಡಿ ಬಂದವನು ಉದ್ಯಮಿಯಾಗಿಬಿಟ್ಟ. ಪೆಟ್ಟಿಗೆಗಳಲ್ಲಿ ಬಂದ ಬಿಡಿಭಾಗಗಳನ್ನು ಐಸಿನ ಶೆಡ್ಡಿನಲ್ಲಿ ಜೋಡಿಸಿ, ಮುಂದುಗಡೆ ತನ್ನ ಹೆಸರು ಬರೆಸಿದರೆ ಅದು ಅವನ ಗಾಡಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಸುತ್ತ ಇರುವಾಗ ಉದ್ಯಮಿಯಾಗುವುದು ಕಷ್ಟವೇನಲ್ಲ.

ಅಷ್ಟರಲ್ಲಿ ನಾಹೀದಾ ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ಮುಗಿಸಿ, ಅದರ ಮೇಲಿನ ಓದನ್ನೂ ಮುಗಿಸಿದ್ದಳು. ಅಲ್ಲಿ ಅವಳು ಹಿಡಿದ ವಿಷಯ ಬ್ಯಾಟರಿಯ ಶಾಖ. ಕರೆಂಟು ಓಡಾಡಿದಾಗ ಬ್ಯಾಟರಿಯೊಳಗೆ ಶಾಖ ಹುಟ್ಟುತ್ತದೆ. ಅದು ಎಲ್ಲಿ ಹುಟ್ಟಿತು, ಯಾವ ದಾರಿ ಹಿಡಿಯಿತು, ಎಲ್ಲಿಂದ ಹೊರಬಿತ್ತು, ಹೊರಬೀಳಲು ದಾರಿ ಸಿಗದಿದ್ದರೆ ಎಲ್ಲಿ ಕೂತು ಕುದಿಯಿತು ಎನ್ನುವುದನ್ನು ಗಾಡಿ ಸುಡುವ ಮೊದಲೇ ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟಿ ನೋಡುವುದು. ತಂಪಾದ ಕಡೆ ನೀಲಿ, ಬೆಚ್ಚಗಿದ್ದಲ್ಲಿ ಹಳದಿ, ಅಪಾಯವಿದ್ದಲ್ಲಿ ಕೆಂಪು. ಅವಳಿಗೆ ಆ ಕೆಲಸ ಹಿಡಿಸಿದ್ದು ಒಂದೇ ಕಾರಣಕ್ಕೆ. ಶಾಖ ಯಾರ ಮುಲಾಜಿಗೂ ಬೀಳುವುದಿಲ್ಲ. ಸಾವಕಾರ ಬಂದನೆಂದು ಅದು ಎದ್ದು ನಿಲ್ಲುವುದಿಲ್ಲ.

ಗೋವಿಂದರಾಜನ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಬೇಕೆಂದು ಅವಳೇನೂ ಕನಸು ಕಂಡಿರಲಿಲ್ಲ. ಬೇರೆ ಕಡೆ ಕೇಳಿದಾಗ ಯಂತ್ರಗಳ ನಡುವೆ ಹೆಣ್ಣುಮಗಳು ಯಾಕೆ ಅಂದರು. ಅಪ್ಪ ಹೋಗಿ ಸಾವಕಾರನ ಮುಂದೆ ಕೈಕಟ್ಟಿ ನಿಂತು ಮಗಳ ಸಲುವಾಗಿ ಬೇಡಿದ. ಹಾಗೆ ಬೇಡಿದ್ದಕ್ಕೆ ಅವಳು ಅಪ್ಪನನ್ನು ಕ್ಷಮಿಸಲಿಲ್ಲ, ಕೆಲಸಕ್ಕೆ ಮಾತ್ರ ಹೋದಳು. ಗೋವಿಂದರಾಜನಿಗೂ ಕಂಪ್ಯೂಟರಿನ ಮುಂದೆ ಕೂತ ಎಂಜಿನಿಯರ್ ಒಬ್ಬಳು ಇದ್ದರೆ ಬಂದವರಿಗೆ ತೋರಿಸಲು ಚೆಂದ. ಶೆಡ್ಡಿನಿಂದ ಹೊರಬಿದ್ದ ಮೊದಲ ಆಟೋವನ್ನು ಓಡಿಸಲು ಶಬ್ಬೀರಸಾಬನಿಗೆ ಕೊಟ್ಟು, ಅದನ್ನೂ ದೊಡ್ಡ ಉಪಕಾರವೆಂದು ಊರೆಲ್ಲ ಹೇಳಿಕೊಂಡು ತಿರುಗಿದ.

ನಾಹೀದಾ ತನ್ನ ಲೆಕ್ಕವನ್ನು ಇಲ್ಲಿಯ ಏಪ್ರಿಲ್ ತಿಂಗಳ ಮಧ್ಯಾಹ್ನಕ್ಕೆ ಕಟ್ಟಿದಳು. ಮೂರು ಮಂದಿಯ ಭಾರ ಹಾಕಲಿಲ್ಲ, ಎಂಟು ಮಂದಿಯ ಭಾರ ಹಾಕಿದಳು. ಕಾಗದದಲ್ಲಿ ಮೂರೇ ಮಂದಿ ಅಂತ ಇದೆಯಲ್ಲ ಎಂದು ಗೋವಿಂದರಾಜ ಕೇಳಿದಾಗ, ಕಾಗದ ಓದಿ ಆಟೋ ಹತ್ತುವವರನ್ನು ತಾನಿನ್ನೂ ಗಂಗಾವತಿಯಲ್ಲಿ ಕಂಡಿಲ್ಲ ಎಂದಳು. ಬ್ಯಾಟರಿ ಇರುವುದು ಪ್ರಯಾಣಿಕರ ಸೀಟಿನ ಅಡಿಯ ಪೆಟ್ಟಿಗೆಯಲ್ಲಿ. ಒಂದು ಪಕ್ಕದಲ್ಲಿ ಸಣ್ಣ ಫ್ಯಾನು ಗಾಳಿ ತಳ್ಳಬೇಕು, ಇನ್ನೊಂದು ಪಕ್ಕದ ಕಿಂಡಿಯಿಂದ ಅದು ಹೊರಹೋಗಬೇಕು. ಹಾಗಿದ್ದರೆ ಚಿತ್ರ ಹಳದಿಯ ಹತ್ತಿರ ನಿಲ್ಲುತ್ತಿತ್ತು, ಕೆಂಪಿಗೆ ಹೋಗುತ್ತಿರಲಿಲ್ಲ. ಮೊದಲ ಗಾಡಿಗಳು ಹಾಗೆಯೇ ಹೊರಬಿದ್ದವು.

ಸುಗ್ಗಿ ಬಂತು. ಕಾಲುವೆ ನೀರಿನ ಊರುಗಳಲ್ಲಿ ಸುಗ್ಗಿಯೆಂದರೆ ಡಾಂಬರು ರಸ್ತೆ ರೈತರ ಕಣ. ಅರ್ಧ ರಸ್ತೆಗೆ ಭತ್ತ ಹರವಿ, ಸುತ್ತ ಕಲ್ಲಿಟ್ಟು, ಹೋಗುವವರು ಬೇಕಾದರೆ ಸುತ್ತಿ ಹೋಗಲಿ ಎಂದು ಕೂರುತ್ತಾರೆ. ಗಾಡಿ ಅದರ ಮೇಲೆಯೇ ಹೋಗಬೇಕು, ಹೋದರೆ ಬೈಗುಳ ಬೇರೆ ತಿನ್ನಬೇಕು. ಆ ದೂಳು, ಆ ಜಳ್ಳು ಎಲ್ಲವನ್ನೂ ಎಳೆದುಕೊಂಡು ಫ್ಯಾನುಗಳು ಒಂದೊಂದೇ ನಿಂತವು. ನಾಹೀದಾ ಫ್ಯಾನಿನ ಬಾಯಿಗೆ ಜಾಲರಿ ಹಾಕಿ, ಅದನ್ನು ಸ್ವಲ್ಪ ಎತ್ತರಕ್ಕೆ ಏರಿಸೋಣ ಎಂದು ಚಿತ್ರ ಬರೆದುಕೊಟ್ಟಳು. ಗೋವಿಂದರಾಜ ಎಲ್ಲ ಗಾಡಿಗಳ ಫ್ಯಾನನ್ನೇ ಕಿತ್ತು ಹಾಕಿಸಿ ಕಿಂಡಿ ಮುಚ್ಚಿಸಿದ. ನೆಗಡಿಯಾದರೆ ಮೂಗು ಕೊಯ್ಯುವ ವೈದ್ಯ ಅವನು.

ಬೇಸಿಗೆಗೆ ಮೊದಲು ಹೊಸ ಗಾಡಿಗಳ ಪೂಜೆ ಇಟ್ಟುಕೊಂಡರು. ಡ್ರೈವರುಗಳು, ಗಿರಾಕಿಗಳು, ಊರಿನ ನಾಲ್ಕು ಹಿರಿಯರು ಸೇರಿದ್ದರು. ಫ್ಯಾನು ತೆಗೆದರೆ ಬಿಸಿಲಿನಲ್ಲಿ ಬ್ಯಾಟರಿ ಕಾಯುವುದಿಲ್ಲವೇ ಎಂದು ಗಾಳೇಶ ಎನ್ನುವ ಡ್ರೈವರ್ ಕೇಳಿದ. ಗೋವಿಂದರಾಜನ ಕಣ್ಣು ಗೋಡೆಯ ಹತ್ತಿರ ನಿಂತಿದ್ದ ಶಬ್ಬೀರಸಾಬನ ಮೇಲೆ ಬಿತ್ತು.

"ಶಬ್ಬೀರ ಚಾಚಾ, ಬ್ಯಾಸಿಗ್ಯಾಗ ಕುಷ್ಟಗಿತನಾ ಐಸ್ ಹೆಂಗ ಒಯ್ತಿದ್ದಿ? ಎಲ್ಲಾರಿಗೂ ಕೇಳಂಗ ಹೇಳು" ಎಂದ.

ಅಷ್ಟು ವರ್ಷ 'ಏ ಶಬ್ಬೀರ' ಎನ್ನುತ್ತಿದ್ದ ಬಾಯಿಂದ ಚಾಚಾ ಬಂದಿತ್ತು. ಶಬ್ಬೀರಸಾಬ ಟೋಪಿ ಸರಿಮಾಡಿಕೊಂಡು ಮುಂದೆ ಬಂದ. ಗಂಟಲು ಸರಿಮಾಡಿಕೊಂಡ. ಎದ್ದು ಹೋಗಲು ಅಲ್ಲಿ ಸೈದಾನಬಿ ಇರಲಿಲ್ಲ.

"ಹೊಟ್ಟಿನ್ಯಾಗ ಇಟ್ರ ಬಿಸಿಲು ಒಳಗ ಇಳಿಯಂಗಿಲ್ರಿ" ಎಂದ. "ಸುತ್ತೂ ಕಡಿ ಒಂದು ಗೇಣು ಹೊಟ್ಟು ಇರಬೇಕು. ಸಡ್ಲ ಬಿಡಬಾರದು, ಒತ್ತಿ ತುಂಬಬೇಕು."

ಶೆಡ್ಡು ಚಪ್ಪಾಳೆ ತಟ್ಟಿತು. ಹಿರಿಯರು ತಲೆದೂಗಿ, ನಮ್ಮ ಹಳೆಯ ಮಂದಿಯ ಬುದ್ಧಿಯ ಮುಂದೆ ಈ ಕಂಪ್ಯೂಟರು ಏನು ಮಹಾ ಅಂದರು. ಮರುದಿನವೇ ಪಕ್ಕದ ಮಿಲ್ಲಿನಿಂದ ಹೊಟ್ಟು ಬಂತು. ಹಳೆಯ ಹೊಸ ಎಲ್ಲ ಗಾಡಿಗಳಲ್ಲೂ ಬ್ಯಾಟರಿಗೂ ಪೆಟ್ಟಿಗೆಗೂ ನಡುವೆ ಇದ್ದ ಜಾಗಕ್ಕೆಲ್ಲ ಅದನ್ನು ಒತ್ತಿ ತುಂಬಿ ಪೆಟ್ಟಿಗೆಗೆ ಬೀಗ ಹಾಕಿದರು. ವಾರ ಕಳೆಯುವುದರೊಳಗೆ ಸರ್ಕಲ್ಲಿನಲ್ಲಿ ಫ್ಲೆಕ್ಸು ಎದ್ದಿತು. ಒಂದು ಕಡೆ ಕೈಮುಗಿದ ಗೋವಿಂದರಾಜ, ಇನ್ನೊಂದು ಕಡೆ ಬಿಳಿ ಟೋಪಿಯ ಶಬ್ಬೀರಸಾಬ, ನಡುವೆ 'ಶಬ್ಬೀರಸಾಬ ಪದ್ಧತಿಯ ತಂಪು ಬ್ಯಾಟರಿ' ಎಂಬ ಅಕ್ಷರ.

ನಾಹೀದಾ ತನ್ನ ಲೆಕ್ಕದಲ್ಲಿ ಫ್ಯಾನು ತೆಗೆದು ಹೊಟ್ಟು ಹಾಕಿದಳು. ಚಿತ್ರದ ನಡುಭಾಗ ಕೆಂಪಾಯಿತು. ಭಾರ ಕಡಿಮೆ ಮಾಡಿ ನೋಡಿದಳು, ಕೆಂಪಾಗುವುದು ತಡವಾಯಿತು, ತಪ್ಪಲಿಲ್ಲ. ಆ ಚಿತ್ರವನ್ನು ಹಿಡಿದು ಗೋವಿಂದರಾಜನ ಮುಂದೆ ನಿಂತಾಗ ಅವನು ಬಹಳ ಹೊತ್ತು ನೋಡಿ, "ಕೆಂಪು ಬ್ಯಾಡ್ರಿ ಮೇಡಂ, ನೀಲಿ ಮಾಡ್ರಿ. ಗಿರಾಕಿ ಅಂಜತಾರ" ಎಂದ. ಬಣ್ಣ ಬಳಿಯುವ ಕೆಲಸ ತನಗೆ ಬರುವುದಿಲ್ಲ ಎಂದು ಅವಳು ಹೊರಬಂದಳು. ಫ್ಲೆಕ್ಸ್ ಅಂಗಡಿಯವನಿಗೆ ಬರುತ್ತಿತ್ತು. ಅವನು ಆ ಚಿತ್ರವನ್ನು ನವಿಲುಬಣ್ಣ ಮಾಡಿ, ಮೂಲೆಗೆ ಒಂದು ಗುಲಾಬಿ ಹೂವನ್ನೂ ಇಟ್ಟು ಕೊಟ್ಟ. ಅದು ಶೆಡ್ಡಿನ ಬಾಗಿಲಿಗೆ ಅಂಟಿತು.

ಉಳಿದ ಗಾಡಿಗಳ ಚಿಂತೆ ಅವಳಿಗೆ ಇರಲಿಲ್ಲವೆಂದಲ್ಲ. ಆದರೆ ಎದೆ ಹಿಂಡುತ್ತಿದ್ದದ್ದು ಒಂದೇ ಗಾಡಿ. ಅಪ್ಪ ದಿನಾ ಗಂಗಾವತಿಯಿಂದ ಆನೆಗೊಂದಿಗೆ ಹೋಗುತ್ತಿದ್ದ. ಬಾಳೆನಾರಿನ ಕೆಲಸದ ಹೆಂಗಸರು, ಸಾಲೆಯ ಮಾಸ್ತರರು, ಬಂಡೆ ನೋಡಲು ಬಂದ ಪರಊರಿನವರು ಅವನ ಗಾಡಿಯನ್ನೇ ಕಾದು ಹತ್ತುತ್ತಿದ್ದರು. ಫ್ಲೆಕ್ಸಿನ ಮನುಷ್ಯನ ಗಾಡಿ ಅದು, ಹಿಂದುಗಡೆ ಅದೇ ಫೋಟೋ ಅಂಟಿಸಿತ್ತು. ಆ ಪೆಟ್ಟಿಗೆಯ ಹೊಟ್ಟು ಬಿಸಿಲು ಏರುವ ಮೊದಲು ಹೊರಗೆ ಬರಬೇಕಿತ್ತು.

ಒಂದು ಸಂಜೆ ಊಟದ ಮುಂದೆ ಅವಳು ಮಾತು ತೆಗೆದಳು.

"ಹೊಟ್ಟು ತಂಪು ಮಾಡಂಗಿಲ್ಲ ಅಬ್ಬಾ. ಒಳಗಿಂದು ಹೊರಗ ಬಿಡಂಗಿಲ್ಲ, ಹೊರಗಿಂದು ಒಳಗ ಬಿಡಂಗಿಲ್ಲ, ಅಷ್ಟ. ಐಸ್ ಇಟ್ರ ಐಸ್ ಉಳಸತೈತಿ, ಕೆಂಡ ಇಟ್ರ ಕೆಂಡ ಉಳಸತೈತಿ. ಬ್ಯಾಟರಿ ಐಸ್ ಅಲ್ಲ, ತಾನ ಬಿಸಿ ಹುಟ್ಟಸತೈತಿ. ಸೀಟು ಬಿಸಿ ಹತ್ತೇತೇನು?"

ಶಬ್ಬೀರಸಾಬ ರೊಟ್ಟಿ ಮುರಿಯುತ್ತ, ಸೀಟು ತಣ್ಣಗೇ ಇದೆ, ಮಂದಿ ಹೊಗಳುತ್ತಿದ್ದಾರೆ ಎಂದ. ಅವಳು ಮತ್ತೆ ಕೇಳಿದಳು. ಅವನು ಮತ್ತೆ ಅದನ್ನೇ ಹೇಳಿದ. ಅವಳೇ ಎದ್ದು ಹೋಗಿ ಗಾಡಿಯ ಸೀಟು ಮುಟ್ಟಿ ನೋಡಬಹುದಿತ್ತು. ಆದರೆ ಆ ಗಾಡಿಯ ಹತ್ತಿರ ಅವಳು ಎಂದೂ ಸುಳಿದವಳಲ್ಲ. ಅಪ್ಪನ ಫೋಟೋ ಅಂಟಿಸಿಕೊಂಡ ಆ ತಗಡನ್ನು ಕಂಡರೇ ಮೈ ಉರಿಯುತ್ತಿತ್ತು. ಅವಳ ಬಾಯಿಯ ಉರಿಯೇನೂ ಅದಕ್ಕಿಂತ ಕಡಿಮೆಯಿರಲಿಲ್ಲ.

"ಸಾವಕಾರ ನಿನ್ನ ಮಂಗ್ಯಾನ ಮಾಡ್ಯಾನ ಅಬ್ಬಾ. ನೀ ಟೋಪಿ ಹಾಕ್ಕೊಂಡು ಕುಣಿಯಾಕ ಹತ್ತೀದಿ" ಎಂದಳು.

ಅವನು ತಟ್ಟೆ ಬಿಟ್ಟು ಎದ್ದ. ಸೈದಾನಬಿ ಮಗಳಿಗೆ, ನಿನ್ನ ಮಾತು ಖರೇ ಇದ್ದರೂ ಬಾಯಿ ಕೆಟ್ಟದ್ದು, ಕೆಟ್ಟ ಬಾಯಿಂದ ಬಂದ ಖರೇ ಮಾತನ್ನು ಯಾರೂ ಉಣ್ಣುವುದಿಲ್ಲ ಎಂದಳು. ನಾಹೀದಾ ತಾಯಿಯ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವಳು ಸುಮ್ಮನೆ ಕೂತಳೆಂದೂ ಅಲ್ಲ. ಪೆಟ್ಟಿಗೆಯ ಕೀಲಿ ಕೇಳಿದಳು. ನಿಮ್ಮಪ್ಪನ ಗಾಡಿಯಿಂದಲೇ ಹೊಟ್ಟು ತೆಗೆದರೆ ಉಳಿದವರು ಏನೆಂದುಕೊಂಡಾರು ಎಂದು ಗೋವಿಂದರಾಜ ನಕ್ಕ. ಡ್ರೈವರುಗಳನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿ ಹೇಳಿದಳು. ನಿಮ್ಮ ಮನೆಯದೇ ಪದ್ಧತಿಯಲ್ಲವೇ, ಮನೆಯಲ್ಲಿ ಜಗಳವೇನು ಎಂದು ಅವರೂ ನಕ್ಕರು. ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಗಾದೆ ಹೇಳಿದರೆ ನಂಬುವ ಜನ, ಲೆಕ್ಕ ಹೇಳಿದರೆ ಹಲ್ಲು ಕಿರಿಯುತ್ತಾರೆ. ಹೊಟ್ಟು ತುಂಬಿದ್ದು ಪೆಟ್ಟಿಗೆಗೆ ಮಾತ್ರವಲ್ಲ ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡಳು.

ಏಪ್ರಿಲ್ ಕಡೆಯಲ್ಲಿ, ಆನೆಗೊಂದಿಯ ಬಂಡೆಗಳ ನಡುವಿನ ಏರಿನಲ್ಲಿ, ಗಾಳೇಶನ ಆಟೋದಿಂದ ಹೊಗೆ ಎದ್ದಿತು. ಒಳಗೆ ಒಂಬತ್ತು ಮಂದಿ ಇದ್ದರು. ಹಂಪವ್ವ ಎಂಬ ಹೆಂಗಸು ಕೂತಲ್ಲೇ ಚೀರಿ ಹಾರಿದ್ದಕ್ಕೆ ಉಳಿದವರೂ ಹಾರಿದರು. ಅವಳ ತೊಡೆಯ ಹಿಂಭಾಗ ಸೀರೆಯ ಸಮೇತ ಸುಟ್ಟಿತ್ತು. ಹಿಂದೆಯೇ ಬರುತ್ತಿದ್ದ ಶಬ್ಬೀರಸಾಬ ಅವಳನ್ನು ತನ್ನ ಗಾಡಿಯಲ್ಲಿ ಹಾಕಿಕೊಳ್ಳಲಿಲ್ಲ. ದಾರಿಯಲ್ಲಿ ಬಂದ ಟ್ರ್ಯಾಕ್ಟರು ನಿಲ್ಲಿಸಿ ಅದರಲ್ಲಿ ಆಸ್ಪತ್ರೆಗೆ ಕಳಿಸಿದ. ಬ್ಯಾಟರಿ ಉರಿದು ಮುಗಿದ ಮೇಲೂ ಹೊಟ್ಟು ಒಳಗೊಳಗೇ ಕನಲುತ್ತಿತ್ತು. ಮಣ್ಣು ಸುರಿದು ಸುರಿದು ಆರಿಸಬೇಕಾಯಿತು. ಸತ್ತವರು ಯಾರೂ ಇಲ್ಲ, ಅದು ಯಾರ ಜಾಣತನದಿಂದಲೂ ಅಲ್ಲ.

ಮರುದಿನ ಬೆಳಿಗ್ಗೆ ಡ್ರೈವರುಗಳೆಲ್ಲ ಶೆಡ್ಡಿಗೆ ಬಂದರು. ಹಂಪವ್ವನ ಮನೆಯವರೂ ಬಂದು ನಿಂತರು. ಗೋವಿಂದರಾಜ ರಾತ್ರಿಯೆಲ್ಲ ಯೋಚಿಸಿ ದಾರಿ ಹುಡುಕಿದ್ದ.

"ಈ ಮುದುಕನ ಮಾತು ಕೇಳಿ ಕೆಟ್ಟೆ" ಎಂದು ಶಬ್ಬೀರಸಾಬನ ಕಡೆ ಬೆರಳು ತೋರಿಸಿದ. "ಹೊಟ್ಟು ತುಂಬು ಅಂದವ ಇವ, ನೀವೆಲ್ಲಾ ಕೇಳೀರಿ. ನಮ್ಮ ಎಂಜಿನಿಯರ್ ಮೇಡಂ ಬ್ಯಾಡ ಅಂತ ಮೊದಲ ಹೇಳಿದ್ರು. ಇವನ ಮಗಳ ಹೇಳ್ತಾಳ, ಇನ್ನೇನ ಬೇಕು? ಆ ಕೆಂಪು ಚಿತ್ರಾ ತೋರ್ಸ್ರಿ ಮೇಡಂ."

ಎರಡು ತಿಂಗಳಿಂದ ಅವಳು ಈ ಗಳಿಗೆಗೇ ಕಾದಿದ್ದಳು. ಚಿತ್ರ ಕೈಯಲ್ಲಿತ್ತು. ಅಷ್ಟೂ ಜನರ ಮುಂದೆ ತನ್ನ ಲೆಕ್ಕ ಸರಿ, ಉಳಿದವರೆಲ್ಲ ದಡ್ಡರು ಎಂದು ಸಾಬೀತಾಗುವುದಿತ್ತು. ಅಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ನೆಲ ನೋಡುತ್ತಿದ್ದ. ಅವನನ್ನು ಬಲಿ ಕೊಡಲು ಸಾವಕಾರ ಚೂರಿಯನ್ನು ಮಗಳ ಕೈಗೇ ಕೊಟ್ಟಿದ್ದಾನೆಂದು ಅವಳಿಗೆ ತಿಳಿಯಿತು, ಮತ್ತು ಹುಟ್ಟಿದಾಗಿನಿಂದ ಕೂಡಿಟ್ಟ ತಿರಸ್ಕಾರವೆಲ್ಲ ಒಬ್ಬನ ಮೇಲೆ ಹೋಗಿ ಕೂತಿತು.

"ತೋರಸ್ತೀನ್ರಿ" ಎಂದಳು. "ಸಾವಕಾರ್ರ, ನೀವು ನಮ್ಮ ಅಬ್ಬಾಗ ಐಸ್ ಹೆಂಗ ಒಯ್ತಿದ್ದಿ ಅಂತ ಕೇಳಿದ್ರಿ. ಅವ ಐಸಿನ ಬಗ್ಗೆ ಹೇಳ್ದ, ಸರಿಯಾಗೇ ಹೇಳ್ದ. ಬ್ಯಾಟರಿ ಬಗ್ಗೆ ಅವನ್ನ ಯಾರೂ ಕೇಳಲಿಲ್ಲ, ಅವನಿಗೆ ಗೊತ್ತೂ ಇಲ್ಲ. ಬ್ಯಾಟರಿ ಬಗ್ಗೆ ಹೇಳಾಕ ನನ್ನ ಇಟ್ಟಿದ್ರಿ. ನಾ ಕೆಂಪು ತೋರ್ಸಿದಾಗ ನೀಲಿ ಹಚ್ಚಿಸಿ ಬಾಗಲಕ್ಕ ಅಂಟಿಸಿದವರು ನೀವು. ಅದ ಇನ್ನೂ ಅಲ್ಲೇ ಐತಿ, ನೋಡ್ರಿ."

ಎಲ್ಲರೂ ಬಾಗಿಲ ಕಡೆ ತಿರುಗಿದರು. ನವಿಲುಬಣ್ಣದ ಬ್ಯಾಟರಿ, ಮೂಲೆಯಲ್ಲಿ ಗುಲಾಬಿ. ಅವಳು ಕೆಂಪು ಚಿತ್ರವನ್ನು ಅದರ ಪಕ್ಕ ಹಿಡಿದಳು. ಲೆಕ್ಕ ಅರ್ಥವಾಗದ ಜನಕ್ಕೂ ಅದು ಅರ್ಥವಾಯಿತು. ಗಾಳೇಶ ಮುಂದೆ ಬಂದು, ಚಾಚಾನ ಫೋಟೋ ತೋರಿಸಿ ತನಗೆ ಗಾಡಿ ಮಾರಿದವರು ಯಾರು ಎಂದು ಗೋವಿಂದರಾಜನನ್ನೇ ಕೇಳಿದ. ಆಮೇಲೆ ಮಾತು ಜೋರಾಯಿತು. ಹಂಪವ್ವನ ಆಸ್ಪತ್ರೆಯ ಹೊಣೆ ಶೆಡ್ಡಿನದು, ಎಲ್ಲ ಗಾಡಿಗಳ ಹೊಟ್ಟು ತೆಗೆದು ಜಾಲರಿಯ ಫ್ಯಾನು ಹಾಕುವ ತನಕ ಯಾರೂ ಗಾಡಿ ಓಡಿಸುವುದಿಲ್ಲ ಎಂದಾಯಿತು. ಗೋವಿಂದರಾಜ ನಾಹೀದಾಳಿಗೆ, ನಾಳೆಯಿಂದ ಬರುವುದು ಬೇಡ ಎಂದ. ಅವಳು ಆಗಲೇ ಚೀಲ ಹೆಗಲಿಗೆ ಹಾಕಿಕೊಂಡಿದ್ದಳು. ಹೊರಡುವ ಮೊದಲು ಅಪ್ಪನ ಗಾಡಿಯ ಬ್ಯಾಟರಿ ಪೆಟ್ಟಿಗೆಯ ಕೀಲಿಯನ್ನು ಗೋಡೆಯ ಮೊಳೆಯಿಂದ ತಾನೇ ತೆಗೆದುಕೊಂಡಳು.

ಅಪ್ಪ ಮಗಳು ಗಾಡಿಯನ್ನು ನೂಕಿಕೊಂಡೇ ಮನೆಯ ಮುಂದಕ್ಕೆ ತಂದರು. ದಾರಿಯಲ್ಲಿ ನಾಹೀದಾಳಿಗೆ ಹಗುರವಾಗಿತ್ತು. ಅಪ್ಪನಿಗೆ ಗೊತ್ತಿಲ್ಲದ್ದನ್ನು ಅವನ ತಲೆಗೆ ಕಟ್ಟಲು ತಾನು ಬಿಡಲಿಲ್ಲ, ಇಷ್ಟು ವರ್ಷದ ಮೇಲೆ ಅವನ ಪರವಾಗಿ ಒಂದು ಮಾತು ತನ್ನ ಬಾಯಿಂದ ಬಂತು ಎಂದು ಒಳಗೇ ಸಂತೋಷವಿತ್ತು. ಅವಳು ಪೆಟ್ಟಿಗೆ ತೆರೆಯಲು ಬಗ್ಗಿದಾಗ ಅವನು ಮೊದಲು ಸೀಟಿನ ಮೇಲೆ ಹಾಸಿದ್ದನ್ನು ತೆಗೆದ. ಒಂದು ಕೌದಿ. ಅದರ ಕೆಳಗೆ ಇನ್ನೊಂದು. ಅದರ ಕೆಳಗೆ ಮಡಿಚಿದ ಗೋಣಿಚೀಲ. ಎಲ್ಲದರ ಕೆಳಗೆ ಸೀಟಿನ ರೆಕ್ಸಿನ್ ಸುಟ್ಟು ಕಪ್ಪಾಗಿ ಉಬ್ಬಿತ್ತು.

ನಾಹೀದಾ ಅದರ ಮೇಲೆ ಕೈ ಇಟ್ಟಳು. ಅವನೇ ಹೇಳಿದ.

"ಹೊಟ್ಟು ತುಂಬಿದ ಎರಡನೇ ದಿನಾನ ಬಿಸಿ ಹತ್ತಿತ್ತು. ನಾ ಐಸಿನ್ಯಾಗ ಬೆಳದವ, ಬಿಸಿ ಯಾವುದು ತಂಪು ಯಾವುದು ನನಗ ತಿಳಿಯಂಗಿಲ್ಲೇನು? ನಿಮ್ಮ ಅಮ್ಮನ ಕೌದಿ ಹಾಸಿದ್ನಿ. ಮಂದಿಗೆ ಮೆತ್ತಗಾಗ್ಲಿ ಅಂತ ಅಂದ್ನಿ."

"ನಾ ಕೇಳಿದಾಗ ಯಾಕ ಹೇಳಲಿಲ್ಲ?"

"ಹೇಳಿದ್ರ ಸರ್ಕಲ್ಲಿನ್ಯಾಗಿನ ಆ ಫೋಟೋ ತಗೀತಿದ್ರು ಬೇಟಿ."

ಅವಳು ನಲವತ್ತು ಜನರ ಮುಂದೆ ಅವನಿಗೆ ಗೊತ್ತಿಲ್ಲ ಎಂದು ಹೇಳಿ ಬಂದಿದ್ದಳು. ಗೊತ್ತಿದ್ದವನು ಇಲ್ಲಿ ನಿಂತಿದ್ದ. ಹಂಪವ್ವನಂಥ ಎಷ್ಟು ಜನ ಈ ಕೌದಿಯ ಮೇಲೆ ಕೂತು ಹೋಗಿದ್ದರೋ. ಗೊತ್ತಿಲ್ಲದವರನ್ನು ತಿರಸ್ಕರಿಸುವುದು ಅವಳಿಗೆ ಅಭ್ಯಾಸವಾಗಿತ್ತು. ಗೊತ್ತಿದ್ದೂ ಸುಮ್ಮನಿದ್ದ ಈ ಮನುಷ್ಯನನ್ನು ಏನು ಮಾಡಬೇಕೆಂದು ಅವಳಿಗೆ ತೋಚಲಿಲ್ಲ. ಬೈಯಲು ಬಾಯಿ ತೆರೆದಳು. ಅವನ ಮುಖ ನೋಡಿ ಮುಚ್ಚಿದಳು. ಒಳಗೆ ಹೋಗಿ ಬಕೆಟ್ಟು ತಂದು, ಪೆಟ್ಟಿಗೆ ತೆರೆದು, ಬರಿಗೈಯಿಂದ ಹೊಟ್ಟು ಗೋರತೊಡಗಿದಳು. ಅದು ಕರಕಲಾಗಿ ಗಟ್ಟಿಗಟ್ಟಿ ಬರುತ್ತಿತ್ತು. ಶಬ್ಬೀರಸಾಬ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೋಡುತ್ತಿದ್ದ.

"ಇನ್ನ ಮ್ಯಾಲ ನನ್ನ ಯಾರೂ ಏನೂ ಕೇಳಂಗಿಲ್ಲ, ಅಲ್ಲೇನ ಬೇಟಿ?" ಎಂದ.

ಅವಳು ಕೈ ನಿಲ್ಲಿಸಲಿಲ್ಲ.

"ಇಲ್ಲ ಅಬ್ಬಾ. ಕೇಳಂಗಿಲ್ಲ" ಎಂದಳು.